ಎರಡನೇ ಸುತ್ತಿಗೆ

ಬಾವಿ ಪಕ್ಕದ ದಾರಿ ಬಿಟ್ಟು ಮನೆಗೆ ಹೋಗೋಕೆ ಇನ್ನೊಂದು ದಾರಿ ಇದ್ದಿದ್ದರೆ ಅವತ್ತು ರಾತ್ರಿ ಭಾವ ಅದನ್ನೇ ಹಿಡಿಯುತ್ತಿದ್ದ. ಎಷ್ಟು ಸುತ್ತಾದರೂ ಸರಿ. ಬಾವಿಯಲ್ಲಿ ದೆವ್ವ ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಬಾವಿಯ ಹತ್ತಿರ ವ್ಯಾನಮ್ಮನ ಗಾಡಿ ನಿಂತಿತ್ತು... ಆ ಗಾಡಿಯ ಮುಂದೆ ಹಾದುಹೋಗುವ ಮುಖ ಅವನಿಗಿರಲಿಲ್ಲ.

ಭಾವ ಯಾರು ಗೊತ್ತಲ್ಲ? ನನ್ನ ಸೋದರತ್ತೆಯ ಮಗ, ಗಾಡಿ ರಿಪೇರಿ ಶೆಡ್ ಇಟ್ಟಿದ್ದಾನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತೆ. "ನನ್ನ ಕೈಲಿ ಆಗಲ್ಲ" ಅನ್ನೋ ಮಾತು ಅವನ ಬಾಯಲ್ಲಿ ಯಾರೂ ಕೇಳಿಲ್ಲ. ಅದೇ ಅವನ ದೊಡ್ಡಸ್ತಿಕೆ, ಅದೇ ಅವನ ಕಾಯಿಲೆ. ಅವತ್ತಿನ ಕತೆಯನ್ನ ಅವನೇ ನನಗೆ ಹೇಳಿದ್ದು, ಕರೆಂಟು ಹೋಗಿದ್ದ ಒಂದು ರಾತ್ರಿ, ಒಳಗೆ ಮಲಗಿದ್ದ ಹೆಂಡತಿಗೆ ಕೇಳಿಸದ ಹಾಗೆ. ಹೇಳುವಷ್ಟು ಹೊತ್ತೂ ನೆಲ ನೋಡುತ್ತಿದ್ದ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ಹಲ್ಲು ಕಿಸಿದರೆ ನಾನು ಎದ್ದು ಹೋಗ್ತೀನಿ.

ವ್ಯಾನಮ್ಮ ಅಂದರೆ ಭಾವನ ಬೀದಿಯ ಹಿರೀ ಹೆಂಗಸು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗೆ. ಕೆಲಸ ಬಿಡುವವರೆಗೂ ಹಾಲಿನ ವ್ಯಾನ್ ಓಡಿಸಿದವರು, ಅದಕ್ಕೇ ಆ ಹೆಸರು. ಗಂಡ ವಾಚ್ ರಿಪೇರಿಯವರು. ಸಣ್ಣ ಆಳು, ಸಣ್ಣ ದನಿ. ವಾಚಿನ ಒಳಗಿನ ಚೂರುಗಳನ್ನು ಮುಟ್ಟಿ ಮುಟ್ಟಿ ಪ್ರಪಂಚದ ಯಾವ ಯಂತ್ರವನ್ನಾದರೂ ಸರಿಮಾಡಬಲ್ಲೆ ಅನ್ನೋ ಭ್ರಮೆ ಅವರಿಗೆ. ಆ ಭ್ರಮೆಯಲ್ಲೇ ಗುಜರಿಗೆ ಹೋಗಬೇಕಿದ್ದ ಒಂದು ಮನೆಗಾಡಿ ತಂದಿದ್ದರು. ಒಳಗೆ ಎರಡು ಮಂಚ, ಒಲೆ, ಪಾತ್ರೆ ತೊಳೆಯೋ ತೊಟ್ಟಿ, ಕಿಟಕಿಗೆ ಪರದೆ... ಚಕ್ರದ ಮೇಲೆ ಒಂದು ಪೂರ್ತಿ ಮನೆ. ಇಬ್ಬರೂ ಕೆಲಸ ಬಿಟ್ಟ ಮೇಲೆ ಅದರಲ್ಲಿ ಊರೂರು ಸುತ್ತೋದು ಅಂತ ಆಸೆ. ಆದರೆ ಆ ಗಾಡಿ ಬೀದಿಯ ಕೊನೆ ದಾಟಲೇ ಇಲ್ಲ. ಇವತ್ತು ನಾಳೆ ಅನ್ನುವುದರಲ್ಲಿ ವಾಚಿನವರು ತೀರಿಕೊಂಡರು.

ಅವರು ಹೋದ ಮೇಲೆ, ಒಂದು ದಿನ ಇದ್ದಕ್ಕಿದ್ದಂತೆ, ವ್ಯಾನಮ್ಮ ಹೊರಡ್ತೀನಿ ಅಂದರು. ಒಬ್ಬರೇ. ಬೆಟ್ಟದ ಕೆಳಗಿನ ಊರಲ್ಲಿರೋ ತಂಗಿಯ ಮನೆಗೆ. ಅದು ಎಂಥ ದಾರಿ ಅಂತೀರಿ... ಒಂದು ತಿರುವು ಮುಗಿಯೋದರೊಳಗೆ ಇನ್ನೊಂದು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಗಾಡಿಯ ಪವರ್ ಸ್ಟೇರಿಂಗ್ ಸೋರುತ್ತಿತ್ತು. ಕೆಳಗಿಟ್ಟ ತಗಡಿನ ತಟ್ಟೆ ಬೆಳಗಾದರೆ ತುಂಬಿರುತ್ತಿತ್ತು. ಆ ಎಣ್ಣೆ ಖಾಲಿಯಾದರೆ ಅಷ್ಟು ದೊಡ್ಡ ಗಾಡಿಯ ಸ್ಟೇರಿಂಗು ಕಲ್ಲಿನ ಹಾಗೆ ಬಿಗಿಯುತ್ತೆ. ತಿರುವಿನಲ್ಲಿ ಬಿಗಿದರೆ... ಮುಂದಿನದು ನಾನು ಹೇಳಬೇಕಾಗಿಲ್ಲ.

ಭಾವನನ್ನು ಕರೆದರು. ಭಾವ ಗಾಡಿ ಕೆಳಗೆ ತೂರಿ ನೋಡಿ ಬಂದ. ಸ್ಟೇರಿಂಗ್ ಬಾಕ್ಸಿನ ಕೆಳಗಿನ ಆಯಿಲ್ ಸೀಲ್ ಹೋಗಿದೆ, ಅಷ್ಟೇ. ರಬ್ಬರಿನ ಒಂದು ಬಳೆ. ಎದುರು ಅಂಗಡಿಯ ವೆಲ್ಡರ್‌ಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ, "ಇದೇನ್ ಮಹಾ, ಮಧ್ಯಾಹ್ನದೊಳಗೆ ಮುಗಿಸಿ ಕೊಡ್ತೀನಿ" ಅಂದ. ಭಾವನಿಗೂ ಆ ವೆಲ್ಡರ್‌ಗೂ ಎಣ್ಣೆ ಸೀಗೇಕಾಯಿ. ಯಾಕೆ ಅಂತ ಇಬ್ಬರಿಗೂ ಮರೆತುಹೋಗಿದೆ.

ಸೀಲ್ ಬದಲಾಯಿಸಬೇಕಾದರೆ ಮೊದಲು ಡ್ರಾಪ್ ಆರ್ಮ್ ಬಿಚ್ಚಬೇಕು. ಬಾಕ್ಸಿನಿಂದ ಚಕ್ರದ ಕಡೆಗೆ ಹೋಗೋ ಕಬ್ಬಿಣದ ತೋಳು ಅದು. ಎಷ್ಟೋ ವರ್ಷದಿಂದ ಕಚ್ಚಿಕೊಂಡು ಕೂತಿತ್ತು. ನಟ್ಟು ಬಂತು, ತೋಳು ಬರಲಿಲ್ಲ. ಕಚ್ಚಿಕೊಂಡದ್ದನ್ನ ಎಳೆದು ತೆಗೆಯೋ ಪುಲ್ಲರ್ ಹಾಕಿ ಬಿಗಿದ. ಬರಲಿಲ್ಲ. ಸುತ್ತಿಗೆಯಲ್ಲಿ ಬಡಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ತೋಳು ಬರಲಿಲ್ಲ. ಅದಕ್ಕೊಂದು ಉಪಾಯ ಇದೆ, ಭಾವನಿಗೆ ಗೊತ್ತಿಲ್ಲ ಅಂತಲ್ಲ. ಈ ಕಡೆ ಒಬ್ಬ, ಆ ಕಡೆ ಒಬ್ಬ, ಎರಡು ಸುತ್ತಿಗೆ ಒಂದೇ ಕ್ಷಣಕ್ಕೆ ಬೀಳಬೇಕು. ಆಗ ಕಬ್ಬಿಣ ಒಳಗೇ ಬೆಚ್ಚಿ ಹಿಡಿತ ಬಿಡುತ್ತೆ. ಇನ್ನೊಬ್ಬ ಬೇಕು. ಎದುರಿಗೆ ವೆಲ್ಡರ್ ಬೀಡಿ ಸೇದುತ್ತಾ ಕೂತಿದ್ದ. ಒಂದು ಕೂಗು ಹಾಕಿದ್ದರೆ ಬರುತ್ತಿದ್ದ.

ಕೂಗಲಿಲ್ಲ. ಏನು ಮಾಡಿದ ಗೊತ್ತಾ ನಮ್ಮ ಭಾವ? ನಟ್ಟು ವಾಪಸ್ ಬಿಗಿದು, ಸ್ಟೇರಿಂಗ್ ಎಣ್ಣೆಗೆ ಬ್ರೇಕ್ ಆಯಿಲ್ ಬೆರೆಸಿದ. ಬ್ರೇಕ್ ಆಯಿಲ್ ಕುಡಿದ ರಬ್ಬರು ಊದಿಕೊಳ್ಳುತ್ತೆ. ಊದಿದರೆ ಸೋರೋದು ನಿಲ್ಲುತ್ತೆ... ಸ್ವಲ್ಪ ದಿನ. ಆಮೇಲೆ ನೆನೆದ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿ, ಇದ್ದ ಎಣ್ಣೆಯೆಲ್ಲ ಒಂದೇ ಸಲ ಹೋಗುತ್ತೆ. ಈ ಕಳ್ಳ ಕೆಲಸ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು, ಮಾಡಿದ್ದೀನಿ ಅಂತ ಒಬ್ಬನೂ ಒಪ್ಪಲ್ಲ. ಬಾಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಮಾಡಿದ. ಹಾಕೋಕೆ ತಂದಿದ್ದ ಹೊಸ ಸೀಲ್ ಅಂಗಿ ಜೇಬಿನಲ್ಲೇ ಉಳಿಯಿತು.

ವ್ಯಾನಮ್ಮ ಬಂದು, ಮೊಣಕಾಲೂರಿ ಬಗ್ಗಿ ನೋಡಿದರು.

"ಹಾಕಿದ್ಯೇನೋ?"

"ಹಾಕ್ಬಿಟ್ಟಿದೀನಮ್ಮ."

ಅಷ್ಟೇ ಮಾತು. ಅವರು ಅವನ ತಲೆ ಮೇಲೆ ಕೈ ಇಟ್ಟರು. ವೆಲ್ಡರ್ ಕಡೆ ತಿರುಗಿ, "ನೋಡ್ಕೋ, ಕೆಲಸ ಅಂದ್ರೆ ಹಿಂಗಿರ್ಬೇಕು" ಅಂದರು. ಅಲ್ಲಿಗೂ ಬಿಡದೆ ಭಾವನ ಮನೆಗೇ ಹೋಗಿ, ಹೆಂಡತಿಯ ಮುಂದೆ ಅವನನ್ನು ಹೊಗಳಿ ಅಟ್ಟಕ್ಕೇರಿಸಿ ಬಂದರು. ಬೆಳಿಗ್ಗೆ ಬೇಗ ಹೊರಡಬೇಕು ಅಂತ ಗಾಡಿಯನ್ನು ಬಾವಿಯ ಪಕ್ಕದ ಬಯಲಿಗೆ ತಂದು ನಿಲ್ಲಿಸಿ, ಅದರಲ್ಲೇ ಮಲಗಿದರು.

ಭಾವ ಶೆಡ್ಡಿನಲ್ಲೇ ಕೂತಿದ್ದ. ಒರೆಸಿದ್ದ ಸ್ಪ್ಯಾನರ್‌ಗಳನ್ನೇ ಮತ್ತೆ ಒರೆಸುತ್ತಾ... ಬೀದಿಯ ದೀಪಗಳೆಲ್ಲ ಆರಲಿ ಅಂತ. ಯಾರಾದರೂ ಎದುರು ಸಿಕ್ಕಿ ಭೇಷ್ ಅಂದುಬಿಟ್ಟರೆ ಅನ್ನೋ ಹೆದರಿಕೆ. ಹೊಗಳಿಕೆ ಮೈಮೇಲೆ ಹುಳ ಹರಿದ ಹಾಗೆ ಆಗುತ್ತಿತ್ತಂತೆ. ಹೇಳಿಬಿಡಲಾ? ಹೇಳಿದರೆ ನಾಳೆಯಿಂದ ಶೆಡ್ಡಿಗೆ ಯಾರು ಬರ್ತಾರೆ? ಹೇಳದಿದ್ದರೆ... ಆ ಹೆಂಗಸು ಆ ತಿರುವುಗಳಲ್ಲಿ.

ಕೊನೆಗೆ ರಿಪೇರಿ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಗಾಳಿ ಇರಲಿಲ್ಲ. ಅವನ ಚಪ್ಪಲಿಯ ಸದ್ದು... ಚಟ್, ಚಟ್. ಬಾವಿಯ ಮೇಲಿನ ಕಬ್ಬಿಣದ ಜಾಲರಿಯ ಮೇಲೆ ಒಂದು ಒಣ ಎಲೆ ತಾನಾಗೇ ಸರಿದಾಡಿತು... ಸರ್. ಗಾಡಿಯ ಹತ್ತಿರ ಬಂದಾಗ ಚಪ್ಪಲಿ ಕೈಗೆ ತೆಗೆದುಕೊಂಡ. ತುದಿಗಾಲಲ್ಲಿ ದಾಟಿಬಿಡೋಣ ಅಂತ.

ತೊಟ್.

ನಿಂತ.

ತೊಟ್... ತೊಟ್.

ನೀರಲ್ಲ. ನೀರು ತಗಡಿನ ಮೇಲೆ ಬಿದ್ದರೆ ಟಿಣ್ ಅನ್ನುತ್ತೆ. ಇದು ದಪ್ಪ ಸದ್ದು. ಎಣ್ಣೆ. ಇಷ್ಟು ಬೇಗ ಸೋರಬಾರದಿತ್ತು. ಅಷ್ಟರಲ್ಲಿ ಇನ್ನೊಂದು ಸದ್ದು... ಕಿರ್ರ್. ಕಿರ್ರ್. ನಟ್ಟು ಬಿಚ್ಚುವ ರ್‍ಯಾಚೆಟ್ಟಿನ ಸದ್ದು.

ಟಾರ್ಚ್ ಹಾಕಿದ. ಮುಂದಿನ ಚಕ್ರದ ಪಕ್ಕ ಒಂದು ಜೊತೆ ಚಪ್ಪಲಿ, ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ. ಗಾಡಿಯ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬರಿಗಾಲು, ಬಿಳಚಿದ ಅಂಗಾಲು.

ಆಗ ಭಾವನಿಗೆ ದೆವ್ವ ಅನ್ನೋ ಯೋಚನೆಯೇ ಬರಲಿಲ್ಲವಂತೆ. ಬಂದದ್ದು ಒಂದೇ, ವೆಲ್ಡರ್! ಗುಮಾನಿ ಬಂದು ಬಿಚ್ಚಿ ನೋಡ್ತಿದ್ದಾನೆ, ಬೆಳಗಾದರೆ ಬೀದಿಗೆಲ್ಲ ಡಂಗುರ. ಬಗ್ಗಿ ಪಿಸುಗುಟ್ಟಿದ.

"ಯಾರೋ ಅದು?"

"ಶ್... ಮೆಲ್ಲಗೆ. ಅವಳು ಮಲಗಿದಾಳೆ."

ವೆಲ್ಡರ್ ದನಿಯಲ್ಲ. ಸಣ್ಣ ದನಿ, ತುಂಬಾ ಮರ್ಯಾದಸ್ಥರ ದನಿ. ಎಲ್ಲೋ ಕೇಳಿದ ಹಾಗಿದೆ... ಭಾವ ಇನ್ನೊಂದು ಪಕ್ಕದಿಂದ ಗಾಡಿ ಕೆಳಗೆ ತೂರಿದ. ನಡುವೆ ಸ್ಟೇರಿಂಗ್ ಬಾಕ್ಸು, ಅದರಾಚೆ ಆ ಮನುಷ್ಯ.

"ಬೆಳಕು ಈ ಕಡೆ ಬೇಡಪ್ಪ... ಬಾಕ್ಸಿನ ಮೇಲೆ ಮಾತ್ರ ಬಿಡು."

ಬಿಚ್ಚಿದ ನಟ್ಟನ್ನು ಒಂದು ಬಟ್ಟೆಯ ಮೇಲೆ ಇಟ್ಟು, ಆ ಮನುಷ್ಯ ಅದರ ಮೇಲೆ ಉಸಿರು ಬಿಟ್ಟ. ಉಫ್.

ಆ ಉಫ್! ವಾಚಿನ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದು ಹಲ್ಲುಚಕ್ರ ಎತ್ತಿದಾಗಲೂ ಉಫ್. ಇಡೀ ಬೀದಿಗೆ ಗೊತ್ತಿದ್ದ ಅಭ್ಯಾಸ. ಆ ಮನುಷ್ಯನನ್ನು ಹೊತ್ತುಕೊಂಡು ಹೋದ ದಿನ ಚಟ್ಟದ ಒಂದು ಮೂಲೆಗೆ ಹೆಗಲು ಕೊಟ್ಟವನು ಭಾವನೇ.

ಓಡಬೇಕು ಅನ್ನಿಸಿತಂತೆ. ಗಾಡಿ ಕೆಳಗೆ ಬೆನ್ನ ಮೇಲೆ ಮಲಗಿದವನು ಎಲ್ಲಿಗೆ ಓಡ್ತಾನೆ?

"ಸೀಲ್ ಎಲ್ಲಿ?" ಅಂದಿತು ಆ ದನಿ.

"ಹಾಕಿ... ಹಾಕಿದೀನಿ."

ನೋಡಿ! ಸತ್ತವರ ಮುಂದೆಯೂ ಸುಳ್ಳು. ಇದನ್ನ ಹೇಳುವಾಗ ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆದರಿಕೆಗಿಂತ ಮುಂಚೆ ನಾಲಿಗೆಗೆ ಬಂದದ್ದು ಸುಳ್ಳು ಕಣೋ ಅಂದ.

ತೊಟ್... ತೊಟ್.

"ನಾನೂ ಅವಳಿಗೆ ಹಂಗೇ ಹೇಳಿದ್ದೆ."

ಭಾವನಿಗೆ ಅರ್ಥವಾಗಲಿಲ್ಲ.

"ಈ ತೋಳು ನನ್ ಕೈಲಿ ಬರ್ಲಿಲ್ಲ. ವಾಚಿನ ಕೈ, ಎಲ್ಲಿಂದ ಬರುತ್ತೆ... ಯಾರನ್ನ ಕರೆಯೋಕೂ ನಾಚಿಕೆ. ಬ್ರೇಕ್ ಆಯಿಲ್ ಹಾಕ್ದೆ. ಸೀಲ್ ಹಾಕಿದೀನಿ, ಹೊರಡೋಣ ಬಾ ಅಂದೆ."

ಆಮೇಲೆ ಬಾಕ್ಸಿನ ಕೆಳಗಿಂದ ಒಂದು ಕೈ ಈಚೆ ಬಂತು. ಅಂಗೈ ಮೇಲಾಗಿ. ಗದರಿಸುವ ಕೈಯಲ್ಲ, ಕೇಳುವ ಕೈ. ಭಾವ ಜೇಬಿನಿಂದ ಸೀಲ್ ತೆಗೆದು ಅದರಲ್ಲಿಟ್ಟ. ಬೆರಳು ತಾಗಿತಂತೆ. ತಣ್ಣಗಿತ್ತಾ ಅಂತ ಕೇಳಿದೆ. ಬೆಚ್ಚಗಿತ್ತು ಅಂದ. ಅದಕ್ಕೇ ಹೆಚ್ಚು ಹೆದರಿಕೆ ಆಯ್ತು ಅಂದ.

"ಪುಲ್ಲರ್ ಬಿಗಿ. ಬಿಗಿದ್ಯಾ? ಈಗ ನೀನು ಆ ಕಡೆ, ನಾನು ಈ ಕಡೆ. ಒಟ್ಟಿಗೆ."

"ಅಮ್ಮಂಗೆ ಎಚ್ಚರ ಆಗುತ್ತೆ."

"ಆಗುತ್ತೆ... ಏನ್ಮಾಡೋದು."

ಅಲ್ಲಿಯವರೆಗೆ ಕಳ್ಳರ ಹಾಗೆ ಪಿಸುಗುಟ್ಟುತ್ತಿದ್ದವರು, ಈಗ...

ಠಣ್!

ಎರಡು ಸುತ್ತಿಗೆ, ಒಂದೇ ಸದ್ದು. ಮೇಲೆ ಮಂಚ ಕಿರುಗುಟ್ಟಿತು. ಇಬ್ಬರೂ ಉಸಿರು ಬಿಗಿಹಿಡಿದರು. ಹಿಡಿಯೋಕೆ ಉಸಿರು ಇದ್ದದ್ದು ಒಬ್ಬರಿಗೋ ಇಬ್ಬರಿಗೋ, ಆ ದೇವರಿಗೇ ಗೊತ್ತು. ಮತ್ತೆ ಸದ್ದಡಗಿತು.

ಠಣ್!

ಇನ್ನೊಂದು.

ಠಣ್... ಟಕ್.

ಆ ಟಕ್ ಅನ್ನೋ ಸಣ್ಣ ಸದ್ದು. ತೋಳು ಹಿಡಿತ ಬಿಟ್ಟಿತು. ಇಡೀ ಹಗಲು ಒಬ್ಬನೇ ಬಡಿದರೂ ಬರದಿದ್ದದ್ದು. ಭಾವನ ಕಣ್ಣಲ್ಲಿ ಬಳಬಳ ನೀರು ಬಂತಂತೆ. ಹೆದರಿಕೆಗಲ್ಲ. ಇಷ್ಟೇ ಆಗಿತ್ತಲ್ಲ... ಒಂದು ಕೂಗು ಹಾಕಿದ್ದರೆ ಮಧ್ಯಾಹ್ನವೇ ಮುಗಿದುಹೋಗುತ್ತಿತ್ತಲ್ಲ ಅಂತ.

ಹಳೇ ಸೀಲ್ ಚೂರುಚೂರಾಗಿ ಈಚೆ ಬಂತು. ಆ ಚೂರುಗಳನ್ನು ಆಚೆಯ ಕೈ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾ ಹೋಯಿತು. ಸೀಲ್ ಕೂರುವ ಜಾಗ ಒರೆಸಿ... ಉಫ್. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ... ಉಫ್. ಬ್ರೇಕ್ ಆಯಿಲ್ ಬೆರೆಸಿದ್ದ ಎಣ್ಣೆಯನ್ನೆಲ್ಲ ಡಬ್ಬಕ್ಕೆ ಇಳಿಸಿದರು. ಪೈಪು ತೊಳೆದರು. ಸರಿಯಾದ ಕೆಂಪು ಎಣ್ಣೆ ಗಾಡಿಯ ಪಕ್ಕದ ಪೆಟ್ಟಿಗೆಯಲ್ಲೇ ಇತ್ತು. ದಾರಿಯಲ್ಲಿ ಬೇಕಾದರೆ ಇರಲಿ ಅಂತ ಮಧ್ಯಾಹ್ನ ಭಾವನೇ ಇಟ್ಟಿದ್ದ. ಬೇಕಾಗೇ ಆಗುತ್ತೆ ಅಂತ ಅವನಿಗೆ ಗೊತ್ತಿತ್ತಲ್ಲ.

ತೋಳು ಮತ್ತೆ ಏರಿಸುವಾಗ ಆ ದನಿ ಹೇಳಿತು, "ಬೆಳಿಗ್ಗೆ ಅವಳಿಗೆ ನಿಂದು ಹೇಳ್ಬಿಡು. ಇಟ್ಕೋಬೇಡ."

ಭಾವ ಹೇಗೋ ಧೈರ್ಯ ಮಾಡಿ ಕೇಳಿದ. "ನಿಮ್ದು?"

"ನಂದು ಬೇಡ..." ಆ ಕೈ ಬಟ್ಟೆ ಮಡಚತೊಡಗಿತು. "ಯಾವ ಮುಖ ಇಟ್ಕೊಂಡು ಹೇಳ್ಲಿ."

ಭಾವ ನಟ್ಟು ಹಿಡಿದು ಬಿಗಿಯತೊಡಗಿದ. ಪೂರ್ತಿ ಬಿಗಿದು, ಇನ್ನೊಂದು ಸಲ ನೋಡಿ ಅಂತ ತಿರುಗಿದರೆ... ಆ ಕಡೆ ಯಾರೂ ಇಲ್ಲ. ಚಕ್ರದ ಪಕ್ಕ ಚಪ್ಪಲಿಯೂ ಇಲ್ಲ.

ಅವನು ಮನೆಗೆ ಹೋಗಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಬೆಳಗು ಮಾಡಿದ.

ಬೆಳಕು ಹರಿಯಿತು. ವ್ಯಾನಮ್ಮನನ್ನು ಕಳಿಸಿಕೊಡೋಕೆ ಅಕ್ಕಪಕ್ಕದವರು ಬಂದರು, ಭಾವನ ಹೆಂಡತಿ ಬಂದಳು, ವೆಲ್ಡರ್ ಕೂಡ ಬಂದ. ವ್ಯಾನಮ್ಮ ಇಂಜಿನ್ ಹಾಕಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ಬೆಣ್ಣೆ. ಭಾವ ಬಗ್ಗಿ ನೋಡಿದ. ಒಂದು ಹನಿ ಇಲ್ಲ.

ಈಗ ನೋಡಿ, ವಿಷಯ ಇಲ್ಲೇ ಇರೋದು. ಗಾಡಿ ಸರಿಯಾಗಿತ್ತು. ನಿನ್ನೆ ಹೇಳಿದ್ದ ಸುಳ್ಳು ಇವತ್ತು ನಿಜವಾಗಿತ್ತು. ಬಾಯಿ ಮುಚ್ಚಿಕೊಂಡು ಕೈ ಬೀಸಿ ಕಳಿಸಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ವ್ಯಾನಮ್ಮ ಇಂಜಿನ್ ಆರಿಸಿ ಕೆಳಗಿಳಿದು, ಎಲ್ಲರ ಮುಂದೆ ಮತ್ತೆ ಶುರುಮಾಡಿದರು. "ಇವನ ಕೈ ಚಿನ್ನದ ಕೈ..."

"ಅಮ್ಮಾ," ಅಂದ ಭಾವ. "ನಿನ್ನೆ ನಾನು ಸೀಲ್ ಹಾಕಿರ್ಲಿಲ್ಲ."

ಯಾರಾದರೂ ಏನಾದರೂ ಅನ್ನೋ ಮೊದಲೇ ಉಳಿದದ್ದನ್ನೂ ಹೇಳಿದ.

"ಬಿಚ್ಚೋಕ್ಕಾಗ್ಲಿಲ್ಲ. ಬ್ರೇಕ್ ಆಯಿಲ್ ಹಾಕಿ ಸುಳ್ಳು ಹೇಳ್ದೆ. ರಾತ್ರಿ ಬಂದು ಹಾಕ್ದೆ. ಈಗ ಸರಿ ಇದೆ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿಬಿಟ್ಟಳು. ವೆಲ್ಡರ್ ನಗುತ್ತಾನೆ ಅಂದುಕೊಂಡಿದ್ದ. ಅವನೂ ನಗದೆ ನೆಲ ನೋಡಿದ. ಅದು ಇನ್ನೂ ಕಷ್ಟವಾಯಿತಂತೆ.

ವ್ಯಾನಮ್ಮ ಹತ್ತಿರ ಬಂದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಂತಾನೆ ಭಾವ.

"ಆ ಇಳಿಜಾರಲ್ಲಿ... ನನ್ನ ಕಳಿಸ್ತಿದ್ದೆ ಅಲ್ವಾ?"

ಅವನು ತಲೆ ಎತ್ತಲಿಲ್ಲ.

"ರಾತ್ರಿ ಎರಡು ಸುತ್ತಿಗೆ ಕೇಳಿಸ್ತು ನಂಗೆ. ಇನ್ನೊಬ್ರು ಯಾರು?"

"ನಾನಲ್ಲಪ್ಪ," ಅಂದ ವೆಲ್ಡರ್, ಯಾರೂ ಕೇಳದಿದ್ದರೂ.

ಭಾವ ಬಾಯಿ ಬಿಡಲಿಲ್ಲ. ಒಬ್ಬರ ಮಾನ ಅವನ ಕೈಯಲ್ಲಿತ್ತು. ತನ್ನದಂತೂ ಹೋಯಿತು, ಅದನ್ನಾದರೂ ಉಳಿಸೋಣ ಅಂತ. ವ್ಯಾನಮ್ಮ ಅವನನ್ನೇ ನೋಡುತ್ತಾ ನಿಂತರು. ಆಮೇಲೆ ದನಿ ತಗ್ಗಿಸಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನಮ್ಮನೆಯವರು ಸೀಲ್ ಹಾಕಿದೀನಿ ಅಂದಾಗ್ಲೂ ಹಿಂಗೇ ನೆಲ ನೋಡ್ತಿದ್ರು. ವ್ಯಾನ್ ಓಡಿಸಿದೋಳಿಗೆ ಬ್ರೇಕ್ ಆಯಿಲ್ ವಾಸನೆ ಗೊತ್ತಾಗಲ್ವಾ? ಹೇಳಿದ್ರೆ ಅವರ ಮುಖ ಎಲ್ಲಿ ಸಣ್ಣದಾಗುತ್ತೋ ಅಂತ ಹೇಳ್ಲಿಲ್ಲ. ಹೊರಡೋಣ ಅಂದಾಗೆಲ್ಲ ತಲೆನೋವು ಅಂದೆ, ಮಂಡಿನೋವು ಅಂದೆ. ಅವರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಗಾಡಿ ನಿಂತೇ ಇತ್ತು. ಅವರು ಹೋದ್ರು." ಕಣ್ಣು ಒರೆಸಿಕೊಳ್ಳಲಿಲ್ಲ. "ನಿನ್ನೆ ನೀನ್ ಹಾಕಿದ ಎಣ್ಣೆ ಮೂಸಿ ನೋಡ್ಲಿಲ್ಲ ಕಣೋ. ನಿನ್ ಕೆಲಸವೇ ಇದು ಅಂತ ನಂಬಿದ್ದೆ."

ಭಾವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ. ಇವತ್ತಿಗೂ ಶೆಡ್ಡಿನಲ್ಲಿ ಯಾರಾದರೂ "ನಿಮ್ಮನ್ನ ನಂಬಿದೀನಿ" ಅಂದರೆ ಬಿಗಿದ ನಟ್ಟನ್ನೇ ಬಿಚ್ಚಿ ಮತ್ತೊಂದು ಸಲ ನೋಡ್ತಾನೆ. ನಾನೇ ನೋಡಿದ್ದೀನಿ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಭಾವ ಕುಡಿಯುವವನಲ್ಲ. ಕತೆ ಕಟ್ಟುವ ತಲೆಯೂ ಅವನಿಗಿಲ್ಲ. ಕಟ್ಟುವುದೇ ಆಗಿದ್ದರೆ ಯಾರಾದರೂ ತಮ್ಮ ಮಾನ ತಾವೇ ಹರಾಜಿಗೆ ಹಾಕುವ ಕತೆ ಕಟ್ಟುತ್ತಾರಾ? ನೀವೇ ಹೇಳಿ. ಇದು ನಡೆದದ್ದು. ಹೊರಟಾಗ ಆದದ್ದನ್ನಂತೂ ಹಗಲು ಬೆಳಕಲ್ಲಿ ಜನ ನೋಡಿದ್ದಾರೆ.

ವ್ಯಾನಮ್ಮ ಬಲಗಡೆಯಿಂದ ಹತ್ತಿ ಸ್ಟೇರಿಂಗ್ ಮುಂದೆ ಕೂತರು. ಹಳೇ ಗಾಡಿ, ಪಟ್ಟಿ ಸ್ಪ್ರಿಂಗು... ಬಲಕ್ಕೆ ಚೂರು ವಾಲಿತು. ಅವರು ಇಂಜಿನ್ ಹಾಕಲಿಲ್ಲ. ಎಡಗಡೆ ಸೀಟಿನ ಮೇಲಿದ್ದ ತಮ್ಮ ಚೀಲವನ್ನು ಎತ್ತಿ ಹಿಂದಕ್ಕೆ ಹಾಕಿದರು.

ಕಿಂಯ್ಕ್... ಅಂತ ಆ ಖಾಲಿ ಸೀಟಿನ ಕಡೆಯ ಸ್ಪ್ರಿಂಗು ಕೆಳಕ್ಕೆ ಕೂತಿತು. ಗಾಡಿ ನೆಟ್ಟಗಾಯಿತು.

ವೆಲ್ಡರ್ ಪಕ್ಕದಲ್ಲೇ ನಿಂತಿದ್ದ. ಬೇಕಾದರೆ ಹೋಗಿ ಅವನನ್ನೇ ಕೇಳಿ.